ಡಬ್ಬಿಯಲ್ಲಿ ಅಮ್ಮನ ನಂಬರಿರಲಿಲ್ಲ

ಬೆಂಗಳೂರಿನಲ್ಲಿ ನಮ್ಮ ಚಿಕ್ಕಮ್ಮನ ಮಗಳ ಫ್ಲ್ಯಾಟಿಗೆ ಹೋಗಿದ್ದೆವು. ಅವಳು ಸೋಫಾದಲ್ಲಿ ಕೂತಲ್ಲಿಂದಲೇ ಮಾತಾಡಿ ದೀಪ ಆರಿಸಿದಳು. ಗೀಸರು, ಫ್ಯಾನು, ಬಾಗಿಲ ಕ್ಯಾಮೆರಾ ಎಲ್ಲ ಒಂದೇ ಫೋನಿನಲ್ಲಿ. ಅಮ್ಮ ಬೆರಗಾಗಿ ನೋಡಿದಳು. ಅಪ್ಪ ಮಾತ್ರ ವಾಪಸ್ ಬರುವಾಗ ಬಸ್ಸಿನಲ್ಲಿ, "ನಮ್ದೇನ್ ಕಮ್ಮಿ ಬಿಡಮ್ಮ, ನಾನೂ ಮಲಗಿದ್ದಲ್ಲಿಂದ್ಲೇ ಮೋಟ್ರು ಹಾಕ್ತೀನಿ" ಅಂದ.

ಸುಳ್ಳೇನಲ್ಲ. ನಮ್ಮದು ಚಿಕ್ಕನಾಯಕನಹಳ್ಳಿ ಕಡೆ. ತೆಂಗು, ಒಂದಿಷ್ಟು ಅಡಿಕೆ, ಒಂದು ಬೋರು. ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತೆ. ರಾತ್ರಿ ಪಾಳಿಯಾದರೆ ಎಷ್ಟೊತ್ತಿಗೋ ಎದ್ದು ಟಾರ್ಚು ಹಿಡಿದು ತೋಟಕ್ಕೆ ಹೋಗಬೇಕು. ಒಮ್ಮೆ ಸ್ಟಾರ್ಟರ್ ಡಬ್ಬಿಯ ಕೆಳಗೇ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಅದಾದ ವಾರಕ್ಕೇ ಅಪ್ಪ ಮೊಬೈಲ್ ಸ್ಟಾರ್ಟರ್ ಹಾಕಿಸಿದ.

ನಿಮ್ಮೂರಲ್ಲೂ ಇರುತ್ತೆ, ಹೆಚ್ಚು ವಿವರಿಸಲ್ಲ. ಡಬ್ಬಿಯೊಳಗೆ ಒಂದು ಸಿಮ್ಮು. ಅದಕ್ಕೆ ಫೋನ್ ಮಾಡಿ 1 ಒತ್ತಿದರೆ ಮೋಟಾರು ಓಡುತ್ತೆ, 2 ಒತ್ತಿದರೆ ನಿಲ್ಲುತ್ತೆ. ಕರೆಂಟು ಬಂದರೆ ಅದೇ ಫೋನ್ ಮಾಡಿ ಹೇಳುತ್ತೆ, ಅದೂ ಕನ್ನಡದಲ್ಲಿ. ಬೋರಿನಲ್ಲಿ ನೀರು ಮುಗಿದರೆ ಮೋಟಾರು ಎಳೆಯುವ ಕರೆಂಟು ಇಳಿಯುತ್ತಲ್ಲ, ಅದನ್ನು ನೋಡಿಕೊಂಡು ತಾನೇ ನಿಲ್ಲಿಸುತ್ತೆ. ಕೈಯಲ್ಲಿ ಹಾಕುತ್ತಿದ್ದ ಕಾಲದಲ್ಲಿ ನಾವು ಎರಡು ಸಲ ಮೋಟಾರು ಸುಟ್ಟುಕೊಂಡಿದ್ದೆವು. ಪೈಪು ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋದು ಎಷ್ಟು ಖರ್ಚು ಅಂತ ರೈತರಿಗೆ ಹೇಳಬೇಕಾಗಿಲ್ಲ. (ಆಟೋದಲ್ಲಿ ಇಡುವವರಿಗೆ ಒಂದು ಮಾತು. ಕರೆಂಟು ಬಂದ ತಕ್ಷಣ ಎಲ್ಲರ ಮೋಟಾರೂ ಒಟ್ಟಿಗೆ ಎದ್ದರೆ ಟಿಸಿ ತಡೆಯಲ್ಲ. ಮೋಟಾರು ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತೆ. ಅಕ್ಕಪಕ್ಕದವರು ಮಾತಾಡಿಕೊಂಡು ಎರಡೆರಡು ನಿಮಿಷ ಹಿಂದೆ ಮುಂದೆ ಟೈಮ್ ಇಟ್ಟುಕೊಳ್ಳಿ.)

ಅಪ್ಪ ಹೊಸ ಮನುಷ್ಯನಾದ. ರಾತ್ರಿ ನಿದ್ದೆ ಬರತೊಡಗಿತು. ಮದುವೆ ಮನೆಯಲ್ಲಿ ಊಟಕ್ಕೆ ಕೂತು ಮೋಟಾರು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಊರಿನವರ ಜೊತೆ ಧರ್ಮಸ್ಥಳ, ಕುಕ್ಕೆ ಅಂತ ನಾಲ್ಕು ದಿನಕ್ಕೆ ಹೊರಟ. ಮೊದಲನೇ ದಿನವೇ ನೇತ್ರಾವತಿಯಲ್ಲಿ ಸ್ನಾನಕ್ಕೆ ಇಳಿಯುವಾಗ ಫೋನು ನೀರಿಗೆ ಬಿತ್ತು. ಬೇರೆಯವರ ಫೋನಿನಿಂದ ಮಾಡಿದರೆ ಡಬ್ಬಿ ಎತ್ತಲ್ಲ, ಅದರಲ್ಲಿ ಸೇರಿಸಿದ್ದು ಅಪ್ಪನ ನಂಬರು ಒಂದೇ. ತಂತಿ ಕದಿಯುವವರ ಕಾಟಕ್ಕೆ ಡಬ್ಬಿಗೆ ಬೀಗ ಬೇರೆ. ಬೀಗದ ಕೈ ಅಪ್ಪನ ಉಡಿದಾರದಲ್ಲಿ, ಉಡಿದಾರ ಧರ್ಮಸ್ಥಳದಲ್ಲಿ.

ಅಮ್ಮ ತುಮಕೂರಿನಲ್ಲಿದ್ದ ನನಗೆ ಫೋನ್ ಮಾಡಿದಳು. "ಗಿಡ ಬಾಡ್ತಾ ಅವೆ ಕಣಮ್ಮ, ಕರೆಂಟಿದೆ, ನೀರಿದೆ, ಹಾಕೋಕೆ ನಂಗಾಗ್ತಿಲ್ಲ." ಆ ದನಿ ನನಗೆ ಇನ್ನೂ ನೆನಪಿದೆ. ಹಗಲು ಪಾಳಿಯಲ್ಲಿ ಹತ್ತು ವರ್ಷ ಹಸಿರು ಗುಂಡಿ ಒತ್ತಿ ಮೋಟಾರು ಹಾಕಿದವಳು ಅವಳೇ. ಸದ್ದು ಕೇಳಿಯೇ ಮೋಟಾರು ಸರಿಯಾಗಿ ಎಳೀತಿದೆಯೋ ಇಲ್ಲವೋ ಹೇಳುತ್ತಿದ್ದಳು. ಹೊಸ ಡಬ್ಬಿ ಬಂದ ದಿನದಿಂದ ಆ ಕೆಲಸ ಅವಳ ಕೈ ತಪ್ಪಿತ್ತು. ಅದು ಯಾರಿಗೂ ಗೊತ್ತಾಗಲೇ ಇಲ್ಲ, ನನಗೂ ಸೇರಿ.

ಎರಡನೇ ದಿನ ಅಮ್ಮ ಹಾರೆ ತಗೊಂಡು ಬೀಗ ಮೀಟಿದಳು. ಒಳಗಿದ್ದ ತಂತಿಗಳನ್ನು ನೋಡಿ ಮುಟ್ಟೋಕೆ ಧೈರ್ಯ ಸಾಲಲಿಲ್ಲ. ಅವಳದ್ದು ಕೀಪ್ಯಾಡ್ ಫೋನು. ಪಕ್ಕದ ಮನೆ ಹುಡುಗ ಫೋಟೋ ತೆಗೆದು ನನಗೆ ಕಳಿಸಿದ, ನಾನು ಮೆಕ್ಯಾನಿಕ್‌ಗೆ ಕಳಿಸಿದೆ. ಪಕ್ಕದಲ್ಲೊಂದು ಚಿಕ್ಕ ಸ್ವಿಚ್ಚಿದೆ, ಅದನ್ನು ಬೈಪಾಸ್‌ಗೆ ತಿರುಗಿಸಿ ಹಸಿರು ಗುಂಡಿ ಒತ್ತಿ ಅಂದರು. ಅಷ್ಟೇ. ನೀರು ಬಂತು. ಅಷ್ಟರಲ್ಲಿ ಅಂಚಿನ ಸಾಲಿನ ಅಡಿಕೆ ಸಸಿ ಇಪ್ಪತ್ತರ ಹತ್ತಿರ ಸುಟ್ಟುಹೋಗಿದ್ದವು.

ಅಪ್ಪ ಬಂದು ಮೊದಲು ಬೀಗ ಒಡೆದದ್ದಕ್ಕೆ ರೇಗಿದ, ಆಮೇಲೆ ಸಸಿ ನೋಡಿ ಸುಮ್ಮನಾದ. ಮಾರನೇ ದಿನ ನಾನೇ ಊರಿಗೆ ಹೋಗಿ ಅಮ್ಮನ ನಂಬರು, ನನ್ನ ನಂಬರು ಎರಡನ್ನೂ ಸೇರಿಸಿದೆ. ಐದು ನಿಮಿಷದ ಕೆಲಸ. ಬೀಗದ ಇನ್ನೊಂದು ಕೈ ದೇವರ ಗೂಡಿನಲ್ಲಿದೆ. ಡಬ್ಬಿಯ ಸಿಮ್ಮಿಗೆ ರೀಚಾರ್ಜ್ ಮುಗಿಯುವ ತಾರೀಕನ್ನು ಅಮ್ಮ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಿದ್ದಾಳೆ.

ಈಗ ಮೋಟಾರು ಹಾಕೋದು ಹೆಚ್ಚಾಗಿ ಅವಳೇ. ಒಂದಿನ ರೊಟ್ಟಿ ತಟ್ಟುತ್ತಾ ಕೇಳಿದಳು: "ಕರೆಂಟ್ ಬಂತು ಅಂತ ಡಬ್ಬಿ ಹೇಳುತ್ತೆ, ನಲ್ಲೀಲಿ ನೀರ್ ಬಂತು ಅಂತ ಹೇಳೋದು ಯಾವ್ದೂ ಇಲ್ವಾ?" ಪಂಚಾಯ್ತಿ ನೀರು ಬರೋಕೆ ಹೊತ್ತುಗೊತ್ತಿಲ್ಲ. ಅದಕ್ಕಾಗಿ ಅವಳು ಸಂತೆಗೆ ಹೋಗೋದನ್ನೂ ಬಿಟ್ಟಿದ್ದುಂಟು. ಮನೆಯಲ್ಲಿ ಏನು ತಾನಾಗೇ ಆಗಬೇಕು ಅಂತ ಅವಳನ್ನು ನಾವು ಯಾವತ್ತೂ ಕೇಳಿರಲಿಲ್ಲ.

ನೀರುಗಂಟಿಯ ಹತ್ತಿರ ಮಾತಾಡಿದೆ. "ಅದಕ್ಕೇನಂತೆ, ವಾಲ್ವ್ ತಿರುಗಿಸ್ದಾಗ ಒಂದು ಮಿಸ್ ಕಾಲ್ ಕೊಡ್ತೀನಿ" ಅಂದರು. ಕೊಡುತ್ತಿದ್ದಾರೆ. ಅಮ್ಮನಿಗೆ ಬಂದರೆ ಬೀದಿಗೆಲ್ಲ ಗೊತ್ತಾದಂತೆ, ಅಲ್ಲಿಂದಲೇ ಕೂಗಿ ಹೇಳುತ್ತಾಳೆ.