ಕೀಲುಗೊಂಬೆಯ ಮಂಡಿ

ತಂಗಿ ಫೋನ್ ಮಾಡಿದ್ದು ಅರ್ಧವಾರ್ಷಿಕ ಪರೀಕ್ಷೆ ಮುಗಿದು ಡಿಸೆಂಬರ್ ರಜೆ ಶುರುವಾದ ದಿನ. "ಅಣ್ಣಾ, ನೀವೊಂದ್ಸಲ ಬಂದು ಇವನಿಗೆ ಬುದ್ಧಿ ಹೇಳಿ. ಗಣಿತದಲ್ಲಿ ಮೂವತ್ತೆಂಟು ಬಂದಿದೆ. ಹತ್ತನೇ ಕ್ಲಾಸು. ದಿನವೆಲ್ಲ ಕೂತ್ಕೊಂಡು ಬೊಂಬೆ ಬರೀತಾನೆ" ಅಂದಳು. ಮೇಷ್ಟರಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ನೆಂಟರ ಮನೆಗಳಲ್ಲಿ ನಮಗೆ ಉಳಿದಿರುವ ಕೆಲಸ ಇದೊಂದೇ, ಬುದ್ಧಿ ಹೇಳುವುದು! ಸರಿ ಎಂದು ತಾಳವಾಡಿಯಿಂದ ಬೆಳಗಿನ ಬಸ್ಸು ಹಿಡಿದು, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು, ಸತ್ಯಮಂಗಲ, ಈರೋಡು, ಕರೂರು ಎಂದು ಬಸ್ಸು ಬದಲಾಯಿಸುತ್ತಾ ದಿಂಡಿಗಲ್ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು.

ತಂಗಿಯನ್ನು ಕೊಟ್ಟಿರುವುದು ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಗೆ. ಸುಂಗುಡಿ ಸೀರೆಯ ಊರು ಎಂದರೆ ಗೊತ್ತಾಗುತ್ತದೆ. ಅಲ್ಲಿನ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ಆದರೆ ಓದಲು ಬರೆಯಲು ಯಾರಿಗೂ ಬಾರದು, ಶಾಲೆಯೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಹುಡುಗನೂ ಹಾಗೇ. ನಮ್ಮನ್ನು 'ಮಾಮ' ಎಂದು ಕರೆದು ಎರಡು ವಾಕ್ಯ ಕನ್ನಡ ಆಡಿ ಮೂರನೆಯದಕ್ಕೆ ತಮಿಳಿಗೆ ಜಾರುತ್ತಾನೆ.

ಬೊಂಬೆ ಬರೆದ ನೋಟ್ ಬುಕ್ಕುಗಳು ಎಲ್ಲಿ ಎಂದು ಕೇಳಿದರೆ ಎಲ್ಲರೂ ಟ್ರಂಕಿನ ಕಡೆ ನೋಡಿದರು. ಭಾವನವರು ಸಿಟ್ಟಿನಲ್ಲಿ ಅವನ್ನೆಲ್ಲ ಟ್ರಂಕಿಗೆ ಹಾಕಿ ದಿಂಡಿಗಲ್ ಬೀಗ ಜಡಿದಿದ್ದಾರಂತೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಅದೇ ಕೈಕೆಲಸದ ಬೀಗ. ಕೀಲಿಕೈ ಹುಡುಗನ ತಾತನ ಸೊಂಟದಲ್ಲಿತ್ತು! ಭಾವನವರು ಅಂಗಡಿಗೆ ಹೋದ ಮೇಲೆ ತಾತ ಮಾತಾಡದೆ ತೆಗೆದುಕೊಟ್ಟರು.

ಆರು ನೋಟ್ ಬುಕ್ಕು. ತುಂಬಾ ದೈತ್ಯ ರೋಬೋಟುಗಳು. ಬೈಯುವುದಕ್ಕೆ ಮೊದಲು ಒಂದೆರಡು ಹಾಳೆ ನೋಡೋಣ ಎಂದು ಕೂತವರು ಹತ್ತೂವರೆಗೆ ಎದ್ದೆವು...

ನಗಬೇಡಿ. ನಮಗೂ ಒಂದು ರೋಬೋಟು ಇತ್ತು. ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿದವರಿಗೆ ನೆನಪಿರಬಹುದು, ಕೈಗಡಿಯಾರಕ್ಕೆ ಮಾತಾಡಿದರೆ ಹಾರಿ ಬರುವ 'ಜಯಂಟ್ ರೋಬೋಟ್'. ಜಪಾನಿನಲ್ಲಿ ಅದು 1967ರದು, ಮಿತ್ಸುತೇರು ಯೊಕೊಯಾಮ ಅವರ ಚಿತ್ರಕಥೆಯಿಂದ ಬಂದದ್ದು. ಈಜಿಪ್ಟಿನ ರಾಜರ ಹಾಗೆ ತಲೆ, ಬೆರಳ ತುದಿಯಿಂದ ಕ್ಷಿಪಣಿ. ಮುಖ ಅಲುಗುತ್ತಲೇ ಇರಲಿಲ್ಲ, ಆದರೂ ಒಮ್ಮೆ ಕೋಪ, ಒಮ್ಮೆ ದುಃಖ ಕಾಣುತ್ತಿತ್ತು. ನಾವು ಓರಗೆಯವರೆಲ್ಲ ಪೆನ್ನಿನಲ್ಲಿ ಮಣಿಕಟ್ಟಿಗೆ ವಾಚು ಬರೆದುಕೊಂಡು ಕೂಗುತ್ತಿದ್ದೆವು. ಮೊದಲು ಕೇಳಿಸಿಕೊಂಡ ದನಿಗೆ ಮಾತ್ರ ಅದು ಮಣಿಯುತ್ತದೆ, ಆ ದನಿ ಒಬ್ಬ ಹುಡುಗನದು. ಕೊನೆಯ ಕಂತಿನಲ್ಲಿ ಅವನು ಬೇಡ ಬೇಡ ಎಂದು ಕೂಗಿದರೂ ಕೇಳದೆ ಶತ್ರುವನ್ನು ಹೊತ್ತುಕೊಂಡು ಆಕಾಶಕ್ಕೆ ಹೋಗಿ ತಾನೂ ಸುಟ್ಟುಹೋಗುತ್ತದೆ. ಅವತ್ತು ಪಕ್ಕದ ಮನೆಯ ಟಿವಿ ಮುಂದೆ ಅತ್ತವರಲ್ಲಿ ನಾವೂ ಒಬ್ಬರು.

ಇದನ್ನು ಹೇಳಿದಾಗ ಹುಡುಗ ಫೋನಿನಲ್ಲಿ ಅದರ ಚಿತ್ರ ಹುಡುಕಿ ನೋಡಿ, "ಚೆನ್ನಾಗಿದೆ ಮಾಮ, ಆದ್ರೆ ಕೈ ಕಾಲು ಪೈಪು. ಒಳಗೆ ಆಳು ಇರೋದು ಗೊತ್ತಾಗ್ತದೆ" ಅಂದ. ನಮ್ಮ ಬಾಲ್ಯಕ್ಕೆ ಅಷ್ಟೇ ಮಾರ್ಕು!

ಅವನ ಲೆಕ್ಕದಲ್ಲಿ ಎಲ್ಲ ರೋಬೋಟುಗಳಿಗೂ ಒಂದೇ ಪರೀಕ್ಷೆ, ಕೀಲು. ಮಡಚಿದರೆ ಯಾವ ತಗಡು ಯಾವ ತಗಡಿನ ಒಳಗೆ ಹೋಗುತ್ತದೆ? ಗೋ ನಗಾಯಿ ಅವರ 1972ರ ಮಾಜಿಂಗರ್ ಝಡ್, ಅಂದರೆ ಹುಡುಗನೊಬ್ಬ ತಲೆಯೊಳಗೇ ಕೂತು ನಡೆಸುವ ರೋಬೋಟು, ಅದರ ತೋಳು ರಬ್ಬರಿನ ಹಾಗೆ ಬಗ್ಗುತ್ತದೆ ಎಂದು ಇವನ ತಕರಾರು. 1979ರ ಗುಂಡಂಗೆ ಬಂದರೆ ಕುನಿಯೋ ಓಕಾವರ ಬಿಡಿಸಿದ ಆ ಬಿಳಿ ನೀಲಿ ಕೆಂಪು ಹಳದಿ ವೀರನೂ ಇವನಿಗೆ ಬೇಡ. ಎದುರಾಳಿ ಪಡೆಯ ಹಸಿರು 'ಜಾಕು' ಬೇಕು. ಒಂದೇ ಕಣ್ಣು, ಅದೂ ಸೀಳೊಂದರೊಳಗೆ ಅತ್ತಿತ್ತ ಜಾರುವಂಥದ್ದು. ಬಲಹೆಗಲಿಗೆ ಗುರಾಣಿ, ಎಡಹೆಗಲಿಗೆ ಮುಳ್ಳು, ಎರಡೂ ಒಂದೇ ಥರ ಇಲ್ಲ. ಕೊಳವೆಗಳೆಲ್ಲ ಹೊರಗೇ. "ಇದು ಬೋರ್‌ವೆಲ್ ಲಾರಿ ಥರ ಮಾಮ, ಕೆಲಸ ಮಾಡೋ ವಂಡಿ" ಅಂದ. ಆಮೇಲೆ ನಮಗೂ ಗುಂಡಂ ಬರೀ ಮದುವೆ ಗಂಡಿನ ಹಾಗೆ ಕಾಣತೊಡಗಿತು.

ಮಾರನೆಯ ದಿನ ಜಗುಲಿಯಲ್ಲಿ ನೋಟ್ ಬುಕ್ಕು ಹರಡಿಕೊಂಡಾಗ ತಾತ ಮಗ್ಗದ ಗುಳಿಯಿಂದ ಎದ್ದು ಬಂದರು. ಅವರ ಕಣ್ಣು ನಿಂತದ್ದು 1995ರ ಇವಾಂಗೆಲಿಯನ್ ಮೇಲೆ. ನೇರಳೆ ಬಣ್ಣದ ಬಡಕಲು ದೇಹ, ಗೂನು ಬೆನ್ನು, ಬೆನ್ನಿಗೊಂದು ಕೇಬಲ್ಲು. ಅದೇನೆಂದು ಕೇಳಿದರು. "ಅದು ಕರೆಂಟು ತಾತಾ. ಪ್ಲಗ್ ಕಿತ್ತರೆ ಐದೇ ನಿಮಿಷ, ಆಮೇಲೆ ನಿಂತುಹೋಗ್ತದೆ." ತಾತ ತಲೆಯಾಡಿಸಿ, "ಹಂಗಾದ್ರೆ ಇದು ಪವರ್‌ಲೂಮು" ಅಂದರು. 2012ರ ಕರೆಂಟ್ ಕಟ್ಟಿನಲ್ಲಿ ಅಕ್ಕಪಕ್ಕದ ಪವರ್‌ಲೂಮುಗಳೆಲ್ಲ ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದಾಗ ತಮ್ಮ ಕೈಮಗ್ಗ ಮಾತ್ರ ನಡೆದದ್ದನ್ನು ಅವರು ಇನ್ನೂ ಮರೆತಿಲ್ಲ. ಅಲ್ಲೇ ಹೂ ಕಟ್ಟುತ್ತಿದ್ದ ಅಜ್ಜಿ ಇಣುಕಿ ನೋಡಿ ಅಂದದ್ದು ಒಂದೇ ಮಾತು, "ಅಯ್ಯೋ, ಇವೆಲ್ಲ ಕೀಲ್ಗೊಂಬೆ ಕಣಪ್ಪಾ."

ಕೀಲುಗೊಂಬೆ! ನಾವು ಬಿ.ಎ.ಯಲ್ಲಿ ಕನ್ನಡ ಓದಿದವರು. ತರಗತಿಯಲ್ಲಿ ರೋಬೋಟಿಗೆ 'ಯಂತ್ರಮಾನವ' ಎಂದು ಬೋರ್ಡಿನ ಮೇಲೆ ಬರೆದು ಅರ್ಥ ಹೇಳುವವರು. ಕನ್ನಡದ ಒಂದಕ್ಷರವನ್ನೂ ಓದದ ಮುದುಕಿಗೆ ಸರಿಯಾದ ಮಾತು ನಾಲಿಗೆಯ ಮೇಲೇ ಇತ್ತು. ಹುಡುಗ ಮಗ್ಗದ ಮೇಲಿನ ಜಕಾರ್ಡನ್ನು ತೋರಿಸಿ "ಅದೂ ಕೀಲ್ಗೊಂಬೆನಾ ಅಜ್ಜಿ?" ಎಂದ. ತೂತು ಹೊಡೆದ ರಟ್ಟುಗಳ ಸಾಲು ಅದು. ತೂತಿದ್ದ ಕಡೆ ಕೊಕ್ಕೆ ಹಾಸಿನೆಳೆಯನ್ನು ಎತ್ತುತ್ತದೆ, ಇಲ್ಲದ ಕಡೆ ಬಿಡುತ್ತದೆ, ಸೀರೆಯಲ್ಲಿ ನವಿಲು ಮೂಡುತ್ತದೆ. ಫ್ರಾನ್ಸಿನಲ್ಲಿ 1804ರ ಹೊತ್ತಿಗೆ ಬಂದ ಈ ಉಪಾಯದಿಂದಲೇ ಮುಂದೆ ಗಣಕಯಂತ್ರಕ್ಕೆ ರಟ್ಟಿನಲ್ಲಿ ಆಜ್ಞೆ ಕೊಡುವ ಯೋಚನೆ ಹುಟ್ಟಿತು ಎಂದು ನಾವು ಮೇಷ್ಟರ ಧಾಟಿಯಲ್ಲಿ ಶುರು ಮಾಡಿದೆವು. ಅಜ್ಜಿ, "ಅದಕ್ಕೆ ಮುಖ ಇಲ್ವಲ್ಲ" ಎಂದು ವಿಷಯ ಮುಗಿಸಿದರು.

ಮೂರನೇ ದಿನ ಭಾವನವರು ನಮ್ಮನ್ನೂ ಹುಡುಗನನ್ನೂ ಕಂಬಂಗೆ ಕಳಿಸಿದರು, ಸೀರೆ ಬಾಕಿ ವಸೂಲಿಗೆ. "ದಾರಿಯಲ್ಲಿ ಹೇಳಿ ನೋಡಿ. ಕಾಮರ್ಸ್ ತಗೊಂಡು ಅಂಗಡೀಲಿ ಕೂತ್ಕೋ ಅಂತ. ಅವನು ಪಾಲಿಟೆಕ್ನಿಕ್ಕು ಅಂತಾನೆ, ಈ ಗಣಿತ ಇಟ್ಕೊಂಡು!" ಅವರ ಮಾತಿನಲ್ಲೂ ತಪ್ಪೇನಿರಲಿಲ್ಲ.

ಸೆಂಪಟ್ಟಿ, ಬತ್ಲಗುಂಡು ದಾಟಿ ತೇನಿ ಕಡೆ ಹೋಗುವಾಗ ಹುಡುಗ ಬೆಟ್ಟ ನೋಡಲಿಲ್ಲ, ಕಿಸೆಯಿಂದ ಬೆರಳುದ್ದದ ಪ್ಲಾಸ್ಟಿಕ್ ಜಾಕು ತೆಗೆದ. ಗೆಳೆಯನದಂತೆ, ಎರವಲು. ಇಂಥ ಮಾದರಿಗಳ ಅಳತೆ ನೂರ ನಲವತ್ತನಾಲ್ಕರಲ್ಲಿ ಒಂದು ಎಂದ. ಹಾಗಾದರೆ ಹದಿನೆಂಟು ಮೀಟರಿನ ಗುಂಡಂ ಎಷ್ಟಾಗುತ್ತದೆ? ಹನ್ನೆರಡೂವರೆ ಸೆಂಟಿಮೀಟರ್ ಎಂದು ತಟ್ಟನೆ ಹೇಳಿದ. ನಮಗೆ ಮೇಷ್ಟರ ದುರ್ಬುದ್ಧಿ ಎದ್ದಿತು. "ಈ ಬೊಂಬೆಯನ್ನೇ 144 ಪಟ್ಟು ಎತ್ತರ ಮಾಡಿದರೆ, ಅದೇ ಸಾಮಾನಿನಲ್ಲಿ, ತೂಕ ಎಷ್ಟು ಪಟ್ಟು?" "144." "ಅಗಲವೂ 144 ಪಟ್ಟು, ದಪ್ಪವೂ 144 ಪಟ್ಟು ಅಲ್ಲವೇನೋ?"

ಪೆನ್ನು ಕೇಳಿದ. ಟಿಕೆಟ್ಟಿನ ಹಿಂದೆ ಗುಣಿಸಿದ. ತೇನಿ ಬಸ್ ನಿಲ್ದಾಣ ಬಂದರೂ ತಲೆಯೆತ್ತಲಿಲ್ಲ. 29,85,984 ಪಟ್ಟು. "ಸರಿ, ಆ ತೂಕ ಹೊರುವ ಮಂಡಿಯ ಅಡ್ಡಕೊಯ್ತ?" 'ಮಂಡಿ' ಎಂದದ್ದಕ್ಕೆ ಕಿಟಕಿಯಾಚೆ ಬಾಳೆಕಾಯಿ ಮಂಡಿ ಹುಡುಕಿದ! ತಮಿಳಿನಲ್ಲಿ ಮಂಡಿ ಎಂದರೆ ಅದೇ ತಾನೆ. ಮೊಣಕಾಲು ಮುಟ್ಟಿ ತೋರಿಸಿದ ಮೇಲೆ ಮತ್ತೆ ಗುಣಿಸಿದ. 20,736 ಪಟ್ಟು. ತೂಕ ಬೆಳೆದಷ್ಟು ಕಾಲು ಬೆಳೆಯಲಿಲ್ಲ. ಮಂಡಿಯ ಒಂದೊಂದು ಚೂರಿನ ಮೇಲೂ 144 ಪಟ್ಟು ಹೆಚ್ಚು ಭಾರ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಯೊಕೊಹಾಮದ ವಿಷಯ ಅವನೇ ತೆಗೆದ. ಅಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ ಹದಿನೆಂಟು ಮೀಟರಿನ ನಿಜವಾದ ಗುಂಡಂ ನಿಲ್ಲಿಸಿದ್ದರು, ಇಪ್ಪತ್ತೈದು ಟನ್ ತೂಕ. ಕೈ ಎತ್ತುತ್ತಿತ್ತು, ಕಾಲು ಎತ್ತುತ್ತಿತ್ತು, ಮಂಡಿಯೂರುತ್ತಿತ್ತು. ಆದರೆ ಹಿಂದಿನಿಂದ ಉಕ್ಕಿನ ಚೌಕಟ್ಟೊಂದು ಸೊಂಟವನ್ನು ಹಿಡಿದೇ ಇತ್ತು. "ಅದಕ್ಕೇ ಬಿಡಲಿಲ್ಲವಾ ಮಾಮ, ತಾನಾಗಿ ನಡೆಯೋಕೆ?" ಎಂದು ಕೇಳಿದ ದನಿಯಲ್ಲಿ ಯಾರೋ ನೆಂಟರಿಗೆ ಕಾಯಿಲೆ ಎಂದು ತಿಳಿದವನ ಹಾಗೆ ಬೇಸರವಿತ್ತು.

ಕಂಬಂನಲ್ಲಿ ಬಾಕಿ ಅರ್ಧ ಬಂತು, ಉಳಿದದ್ದು ಪೊಂಗಲ್ ನಂತರವಂತೆ. ಅದು ಬಿಡಿ. ಕಣಿವೆಯಲ್ಲಿ ನೂರಾರು ವರ್ಷದಿಂದ ಕನ್ನಡ ಮಾತಾಡುವ ಒಕ್ಕಲಿಗರು ಇದ್ದಾರೆ. ನಂದಗೋಪಾಲನ ತಂಬಿರಾನ್ ಮಾಟ್ಟು ತೊಳು ಎಂಬ, ದನಗಳನ್ನೇ ದೇವರೆಂದು ಕಾಣುವ ಅವರ ದೊಡ್ಡಿಯನ್ನು ನಾವು ನೋಡಬೇಕೆಂದಿದ್ದೆವು. ಹುಡುಗ ಒಲ್ಲದ ಮನಸ್ಸಿನಿಂದ ಬಂದವನು ಅಲ್ಲಿ ಒಂದು ಬೆಟ್ಟದ ದನದ ಹಿಂಗಾಲನ್ನೇ ನೋಡುತ್ತಾ ನಿಂತ. ಅವನು ಫೋನಿನಲ್ಲಿ ಆಡುವ 'ವಾರ್ ರೋಬೋಟ್ಸ್' ಆಟದಲ್ಲೂ, ಬಿಡಿಭಾಗ ಆರಿಸಿ ನಾವೇ ಜೋಡಿಸುವ 'ಆರ್ಮರ್ಡ್ ಕೋರ್' ಆಟದಲ್ಲೂ ಮಂಡಿ ಹಿಂದಕ್ಕೆ ಮಡಚುವ ಕಾಲುಗಳಿವೆ. ಅವನ್ನು ಅವನೂ ಬರೆದಿದ್ದ, ಪ್ರತಿ ಸಲವೂ ಏನೋ ತಪ್ಪು ಎನಿಸುತ್ತಿತ್ತಂತೆ.

"ಅದು ಮಂಡಿಯಲ್ಲವೋ, ಹಿಮ್ಮಡಿ" ಎಂದೆವು. ದನ ನಡೆಯುವುದು ಬೆರಳ ತುದಿಯಲ್ಲಿ, ಗೊರಸೆಂದರೆ ಉಗುರು. ಹಿಂದಕ್ಕೆ ಮಡಚಿದ ಹಾಗೆ ಕಾಣುವ ಕೀಲು ನಮ್ಮ ಪಾದದ ಕೀಲು. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಹತ್ತಿರ ಇದೆ, ಮುಂದಕ್ಕೇ ಮಡಚುತ್ತದೆ. ಕೋಳಿಗೂ ಹಾಗೇ. ಹುಡುಗ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಟಿಕೆಟ್ಟು, ಬಿಲ್ಲು, ಸಿಕ್ಕಿದ್ದರ ಮೇಲೆಲ್ಲ ಕಾಲು ಬರೆದ. ದನ ನೋಡಿಕೊಳ್ಳುತ್ತಿದ್ದ ಹಿರಿಯರು ನಮ್ಮ ಮಾತು ಕೇಳಿ ಹತ್ತಿರ ಬಂದು ಕನ್ನಡದಲ್ಲೇ "ಯಾವೂರು?" ಎಂದರು. ಹೇಳಿದೆವು. ಹಾಳೆ ನೋಡಿ, "ಗೊರಸು ಎರಡು ಸೀಳು ಇರ್ಬೇಕಪ್ಪಾ, ಒಂದೇ ಬರೆದ್ರೆ ಕುದುರೆ ಆಯ್ತದೆ" ಎಂದು ತಿದ್ದಿದರು. ತಿದ್ದಿದ್ದು ಸರಿಯೇ ಇತ್ತು.

ಹೊತ್ತಿದ್ದುದರಿಂದ ಲೋಯರ್ ಕ್ಯಾಂಪಿನವರೆಗೂ ಹೋದೆವು. ಬೆಟ್ಟದ ಮೇಲಿನಿಂದ ಪೆರಿಯಾರ್ ವಿದ್ಯುದಾಗಾರಕ್ಕೆ ನಾಲ್ಕು ದೈತ್ಯ ಕೊಳವೆಗಳು ಇಳಿದು ಬರುತ್ತವೆ. 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಯ ನೀರು ಬೆಟ್ಟದೊಳಗಿನ ಸುರಂಗ ದಾಟಿ ಈ ಕೊಳವೆಗಳಲ್ಲಿ ಧುಮುಕಿ, ಚಕ್ರ ತಿರುಗಿಸಿ, ಆಮೇಲೆ ಕಣಿವೆಯ ಗದ್ದೆಗೂ ದ್ರಾಕ್ಷಿ ತೋಟಕ್ಕೂ ಹೋಗುತ್ತದೆ. ಹುಡುಗ ಕೊಳವೆಗಳನ್ನು ಬಹಳ ಹೊತ್ತು ನೋಡಿದ. "ಜಾಕು ಮಲಗಿದೆ" ಎಂದ. ಅಷ್ಟೇ. ಕೊಳವೆಗಳನ್ನು ಅಲ್ಲಲ್ಲಿ ಹಿಡಿದಿಟ್ಟ ಕಾಂಕ್ರೀಟಿನ ಗಡ್ಡೆಗಳನ್ನು ಎಣಿಸತೊಡಗಿದ. ಭಾರ ಯಾರ ಮೇಲೆ ಬೀಳುತ್ತದೆ ಎಂದು ಈಗ ಎಲ್ಲದರಲ್ಲೂ ಹುಡುಕುತ್ತಿದ್ದ.

ರಾತ್ರಿ ಭಾವನವರ ಮುಂದೆ ಟಿಕೆಟ್ಟಿನ ಹಿಂದಿನ ಲೆಕ್ಕ ಇಟ್ಟೆವು. ಅವರು ಸಂಖ್ಯೆಗಳನ್ನು ತಮ್ಮ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರು, ವ್ಯಾಪಾರಸ್ಥರಲ್ಲವೇ. ಸರಿ ಬಂತು. "ಇದು ಪರೀಕ್ಷೇಲಿ ಕೇಳ್ತಾರಾ?" ಎಂದರು. ಇಲ್ಲ ಎಂದೆವು. ನಾವು ಬಂದದ್ದು ಬುದ್ಧಿ ಹೇಳಲು, ಹೇಳದೆ ಹೋಗುತ್ತಿದ್ದೇವೆ ಎಂಬುದು ಅವರಿಗೂ ತಿಳಿದಿತ್ತು. "ಮಾರ್ಚಿನವರೆಗೂ ಟ್ರಂಕು ಟ್ರಂಕೇ. ಆಮೇಲೆ ನೋಡೋಣ" ಎಂದರು. ಪಾಲಿಟೆಕ್ನಿಕ್ಕಿನ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನೋಟ್ ಬುಕ್ಕುಗಳು ಮತ್ತೆ ಒಳಗೆ ಹೋದವು. ಒಂದನ್ನು ತಾತ ಮಗ್ಗದ ಗುಳಿಯಲ್ಲಿ ಇಟ್ಟುಕೊಂಡದ್ದನ್ನು ನಾವು ನೋಡಿದೆವು, ಹೇಳಲಿಲ್ಲ. ಭಾವನವರು ಈ ಬರಹ ಓದಲಾರರು ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇವೆ!

ಹೊರಡುವ ಬೆಳಿಗ್ಗೆ ಹುಡುಗ ಆ ನೋಟ್ ಬುಕ್ಕು ತಂದ. ಹೊಸ ರೋಬೋಟು, ದನದ ಹಿಂಗಾಲು, ಎರಡು ಸೀಳಿನ ಗೊರಸು, ಕೊಳವೆಯ ತೋಳು. ಮಂಡಿ, ಹಿಮ್ಮಡಿ, ಕೀಲು ಎಂದು ಭಾಗಗಳ ಹೆಸರನ್ನು ತಮಿಳಕ್ಷರದಲ್ಲಿ ಬರೆದಿದ್ದ. ಎದೆಯ ಮೇಲೆ ಮಾತ್ರ ಖಾಲಿ. "ಇಲ್ಲಿ ಕೀಲ್ಗೊಂಬೆ ಅಂತ ಕನ್ನಡದಲ್ಲಿ ಬರೆದುಕೊಡಿ ಮಾಮ. ತಮಿಳಲ್ಲಿ ಬರೆದ್ರೆ ಕ-ಗ ಎರಡೂ ಒಂದೇ. ಆಮೇಲೆ ಕ್ಲಾಸಲ್ಲಿ ಯಾರಿಗೂ ಓದೋಕೆ ಬರಲ್ಲ, ಜಪಾನ್ ಅಕ್ಷರದ ಥರ ಇರ್ತದೆ."

ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಟ್ಟೆವು. ಅವನು ಅಕ್ಷರ ಬರೆಯಲಿಲ್ಲ, ಚಿತ್ರದ ಹಾಗೆ ನಕಲು ಮಾಡಿದ, ಕೆಳಗಿನ ಸುರುಳಿಯಿಂದ ಶುರು ಮಾಡಿ ಮೇಲಕ್ಕೆ. ಅಕ್ಷರದ ಮೇಲೆ ಇರುವ ಈ ಕೊಂಬೇನು ಎಂದು ಕೇಳಿದ. ತಲೆಕಟ್ಟು ಎಂದೆವು. "ಗುಂಡಂಗೂ ಹಣೆ ಮೇಲೆ ಹಿಂಗೇ ಇರ್ತದೆ" ಎಂದು ಹೇಳಿ, ರೋಬೋಟುಗಳ ಕೊಂಬನ್ನು ಕೊನೆಗೆ ಬರೆಯುವ ಹಾಗೆ, ಎಲ್ಲ ಅಕ್ಷರಕ್ಕೂ ಅದನ್ನು ಕೊನೆಗೇ ಇಟ್ಟ. ದಿಂಡಿಗಲ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು. 'ಬೆ'ಗೆ ತಲೆಕಟ್ಟು ತಿರುಚಿ ಏತ್ವವಾಗಬೇಕಿತ್ತು, ತಿದ್ದಲು ಹೊತ್ತಾಗಲಿಲ್ಲ.