ಗಾಜು ಕೂತಿತು, ಕ್ಯಾಮೆರಾ ಕೂತಿತೇ?

ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಓಡಾಡುವವರಿಗೆ ಟಿಪ್ಪರ್ ಲಾರಿಗಳ ಪರಿಚಯ ಹೇಳಬೇಕಾಗಿಲ್ಲ. ಜಲ್ಲಿಯನ್ನು ಅಂಚಿನವರೆಗೆ ತುಂಬಿ, ಟಾರ್ಪಾಲನ್ನು ಅರ್ಧಕ್ಕಷ್ಟೇ ಕಟ್ಟಿ ಹೊರಟ ಲಾರಿಯ ಹಿಂದೆ ಸಿಕ್ಕಿಕೊಂಡರೆ ಎದೆ ಡವಡವ. ಟಪ್ ಅಂತ ಒಂದು ಸದ್ದು, ಮುಂದಿನ ಗಾಜಿನ ಮೇಲೆ ಒಂದು ಚುಕ್ಕೆ. ಚುಕ್ಕೆ ತಾನೇ ಅಂದುಕೊಂಡು ಮನೆ ಸೇರಿದರೆ, ಮರುದಿನ ಬಿಸಿಲಿಗೆ ಕಾದ ಗಾಜಿಗೆ ಒಳಗಿನಿಂದ ಎ.ಸಿ.ಯ ತಂಪು ತಾಗಿದ ಕೂಡಲೇ ಆ ಚುಕ್ಕೆಯಿಂದ ಗೆರೆ ಹೊರಟು ಈ ತುದಿಯಿಂದ ಆ ತುದಿಯವರೆಗೆ ಹರಿದಿರುತ್ತದೆ. ಆಮೇಲೆ ಗಾಜು ಬದಲಾಯಿಸದೆ ವಿಧಿಯಿಲ್ಲ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಇದು ಒಂದು ಬೆಳಗಿನ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಾಕಿತ್ತು. ಗಾಜಿನ ಸುತ್ತ ರಬ್ಬರ್ ಬೀಡಿಂಗ್ ತೊಡಿಸಿ, ಅದರ ಸಂದಿಯೊಳಗೆ ದಾರ ಕೂರಿಸಿ, ಇಬ್ಬರು ಹಿಡಿದು ಚೌಕಟ್ಟಿಗೆ ಒತ್ತುತ್ತಿದ್ದರು. ಒಬ್ಬ ಒಳಗಿನಿಂದ ದಾರ ಎಳೆಯುತ್ತ ಬಂದ ಹಾಗೆ ಬೀಡಿಂಗಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತಿತ್ತು. ಇನ್ನೊಬ್ಬ ಹೊರಗಿನಿಂದ ಅಂಗೈಯಲ್ಲಿ ತಟ್ಟುತ್ತ ಅದೇ ವೇಗದಲ್ಲಿ ಸುತ್ತು ಬರುತ್ತಿದ್ದ. ನೋಡುವುದಕ್ಕೇ ಚೆಂದ ಆ ಕೆಲಸ. ಬಕೆಟ್ಟಿನಲ್ಲಿ ನೀರು ಸುರಿದು ಸೋರುವುದಿಲ್ಲ ಎಂದು ತೋರಿಸಿದರೆ ಕೆಲಸ ಮುಗಿದಂತೆ.

ಈಗ ಬೀಡಿಂಗಿನ ಆ ದಾರ ಹೋಗಿದೆ. ಗಾಜನ್ನು ಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸುತ್ತಾರೆ. ಗಾಡಿ ಮಗುಚಿದರೆ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ ಗಾಜಿಗೂ ಪಾಲಿದೆ. ಎಷ್ಟೋ ಕಾರುಗಳಲ್ಲಿ ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಉಬ್ಬುವಾಗ ಒರಗಿಕೊಳ್ಳುವುದೂ ಈ ಗಾಜಿಗೇ. ಅಂಟು ಬಿಗಿಯುವವರೆಗೆ ಗಾಡಿ ತೆಗೆಯಬೇಡಿ ಅನ್ನುವುದು ಅದಕ್ಕೇ.

ಗಾಜೂ ಒಂಟಿ ಗಾಜಲ್ಲ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪದರ. 1903ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡುವಾರ್ ಬೆನೆಡಿಕ್ಟಸ್ ಅವರ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಜಾರಿ ಬಿತ್ತಂತೆ. ಬಿರುಕು ಬಿಟ್ಟಿತೇ ಹೊರತು ಚೂರಾಗಲಿಲ್ಲ. ಹಿಂದೆ ಅದರಲ್ಲಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ಒಳಗೋಡೆಗೆ ಪೊರೆಯಾಗಿ ಅಂಟಿಕೊಂಡಿತ್ತು. ಆ ಜಾಡು ಹಿಡಿದು ಹೋಗಿ 1909ರಲ್ಲಿ ಅವರು ಪೇಟೆಂಟ್ ಪಡೆದರು. ಇಂದಿನ ದುಬಾರಿ ಎಸ್‌ಯುವಿಗಳಲ್ಲಿ ಆ ನಡುಪದರವೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಹೊರಗಿನ ಸದ್ದು ತಗ್ಗಿಸಲು ಒಂದು ಬಗೆ. ವೇಗ, ದಾರಿಯ ಸೂಚನೆಗಳನ್ನು ಗಾಜಿನ ಮೇಲೇ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಇದ್ದರೆ ಇನ್ನೊಂದು ಬಗೆ: ಅಕ್ಷರಗಳು ಎರಡೆರಡಾಗಿ ಕಾಣದಿರಲೆಂದು ಪದರವನ್ನು ಮೇಲೆ ದಪ್ಪ, ಕೆಳಗೆ ತೆಳು ಮಾಡಿರುತ್ತಾರೆ. ಆದ್ದರಿಂದ ನೋಡಲು ಒಂದೇ ಥರ ಇರುವ ಎರಡು ಗಾಜುಗಳು ಒಂದೇ ಅಲ್ಲ. ಪಾರ್ಟ್ ನಂಬರ್ ತಾಳೆಯಾಗಲೇಬೇಕು.

ಇನ್ನು ದಾರಿ ನೋಡುವ ಕ್ಯಾಮೆರಾ. ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಸಿದ ಬ್ರಾಕೆಟ್ಟಿನಲ್ಲಿ ಕೂತಿರುತ್ತದೆ. ಅದಕ್ಕೆ ಅದೇ ಜಾಗ ಯಾಕೆ? ಎತ್ತರ ಸಿಗುತ್ತದೆ, ಮಳೆ ಧೂಳು ತಾಗುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ವೈಪರ್ ಒರೆಸುವ ಜಾಗ ಅದು. ವೈಪರಿಗೆ ಪೇಟೆಂಟ್ ಪಡೆದ ಅಲಬಾಮಾದ ಮೇರಿ ಆಂಡರ್ಸನ್ ಅವರದೂ 1903ರ ಕತೆಯೇ. ಆ ಹೆಣ್ಣುಮಗಳ ಯೋಚನೆಗೆ ಅಂದು ಕೊಳ್ಳುವವರು ಸಿಗಲಿಲ್ಲ. ಇಂದು ಮಳೆಯಲ್ಲಿ ಕ್ಯಾಮೆರಾಗಳ ಕಣ್ಣು ಒರೆಸುತ್ತಿರುವುದು ಅದೇ ಯೋಚನೆ.

ಈ ಕ್ಯಾಮೆರಾ ಲೇನಿನ ಗೆರೆ ನೋಡುತ್ತದೆ, ಮುಂದಿನ ಗಾಡಿ ನೋಡುತ್ತದೆ, ಅಡ್ಡ ಬಂದ ಮನುಷ್ಯನನ್ನು ಗುರುತಿಸುತ್ತದೆ, ಮುಂಭಾಗದ ರಾಡಾರಿನ ಜೊತೆ ಸೇರಿ ಬ್ರೇಕನ್ನೂ ಹಾಕುತ್ತದೆ. ನಮ್ಮಲ್ಲಿ 2020ರ ಎಂಜಿ ಗ್ಲಾಸ್ಟರ್, 2021ರ ಮಹೀಂದ್ರ ಎಕ್ಸ್‌ಯುವಿ 700 ಬಂದ ಮೇಲೆ ಚಾಲಕನಿಗೆ ನೆರವಾಗುವ ಇಂಥ ವ್ಯವಸ್ಥೆಯ ಎಡಾಸ್ ಎಂಬ ಹೆಸರು ಹಾಸನ, ತುಮಕೂರಿನ ಶೋರೂಮುಗಳಲ್ಲೂ ಮಾಮೂಲಾಯಿತು.

ನಮ್ಮ ಭಾವ ಹಾಸನದಲ್ಲಿ ಕಟ್ಟಡದ ಕಂಟ್ರಾಕ್ಟು ಮಾಡುವವರು. ಅವರ ದೊಡ್ಡ ವಿದೇಶಿ ಎಸ್‌ಯುವಿಯ ಗಾಜಿಗೆ ಹೀಗೇ ಜಲ್ಲಿ ಬಡಿಯಿತು. ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಬಿಟ್ಟು ನಮ್ಮ ಮನೆಯಲ್ಲಿ ಉಳಿದರು. ಮಧ್ಯಾಹ್ನ ಫೋನು ಬಂತು.

"ಸಾರ್, ಗಾಜು ಕೂರಿಸಿ ಆಯ್ತು. ಸಂಜೆ ಗಾಡಿ ತಗೊಂಡು ಹೋಗ್ಬಹುದು."

"ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡಿದ್ರೇನಪ್ಪ?"

"ಡ್ಯಾಶ್‌ನಲ್ಲಿ ಯಾವ ಲೈಟೂ ಬಂದಿಲ್ಲ ಸಾರ್. ಬೇಕಾಗಲ್ಲ."

"ಗೋಡೆ ವಾಲಿದ್ರೆ ಗೋಡೇನೇ ಬಂದು ಹೇಳತ್ತಾ? ತೂಗುಗುಂಡು ಬಿಟ್ಟು ನೋಡಿದ್ರೆ ತಾನೇ ಗೊತ್ತಾಗೋದು?"

ಈ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತನ್ನು ಭಾವ ಫೋನಿನಲ್ಲೇ ಹೇಳಿಬಿಟ್ಟರು. ಕೆಲವು ಕಾರುಗಳು ಕ್ಯಾಮೆರಾ ಕಳಚಿದ್ದನ್ನು ಗುರುತಿಸಿ ಎಚ್ಚರಿಕೆ ಕೊಡುತ್ತವೆ, ನಿಜ. ಆದರೆ ಕ್ಯಾಮೆರಾ ಚೆನ್ನಾಗಿದೆ, ವೈರು ಸೇರಿದೆ, ಚಿತ್ರ ಬರುತ್ತಿದೆ ಎಂದಾದರೆ ಎಷ್ಟೋ ಕಾರುಗಳಿಗೆ ಬೇರೆ ಗುಮಾನಿ ಹುಟ್ಟುವುದಿಲ್ಲ. ಹೊಸ ಗಾಜಿನ ಬ್ರಾಕೆಟ್ ಕೂದಲೆಳೆಯಷ್ಟು ಓರೆಯಾಗಿದ್ದರೂ, ಅಂಟು ಒಂದು ಬದಿಗೆ ತುಸು ದಪ್ಪವಾಗಿ ಕೂತಿದ್ದರೂ ಕ್ಯಾಮೆರಾ ಹಳೆಯ ಲೆಕ್ಕದಲ್ಲೇ ಇರುತ್ತದೆ. ತನ್ನ ಎದುರಿಗಿರುವುದೇ ನೇರ ಎಂದು ಅದು ನಂಬಿಕೊಂಡಿರುತ್ತದೆ. ಯಾವುದು ನೇರ ಎಂದು ಅದಕ್ಕೆ ಮತ್ತೆ ಕಲಿಸುವುದೇ ಕ್ಯಾಲಿಬ್ರೇಷನ್.

ಓರೆ ಅಂದರೆ ಎಷ್ಟು? ಒಂದೇ ಒಂದು ಡಿಗ್ರಿ ಅನ್ನಿ. ನೂರು ಮೀಟರ್ ದೂರದಲ್ಲಿ ಆ ಒಂದು ಡಿಗ್ರಿ ಸುಮಾರು 1.75 ಮೀಟರ್ ಆಗುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಅಂದರೆ ಸರಿಯಾಗಿ ಅರ್ಧ ಲೇನು! ನಮ್ಮ ಲೇನಿನ ಮಧ್ಯದಲ್ಲಿ ಹೋಗುತ್ತಿರುವ ಲಾರಿ ಕ್ಯಾಮೆರಾದ ಪಾಲಿಗೆ ಗೆರೆಯ ಮೇಲಿದೆ.

ಮೇಲೆ ಕೆಳಗೆ ವಾಲಿದರೆ ಇನ್ನೂ ಕಷ್ಟ. ಒಂಟಿ ಕ್ಯಾಮೆರಾ ದೂರವನ್ನು ಅಂದಾಜು ಮಾಡುವ ಒಂದು ಮುಖ್ಯ ಉಪಾಯವೆಂದರೆ ಮುಂದಿನ ಗಾಡಿಯ ಚಕ್ರ ರಸ್ತೆಗೆ ತಾಗುವ ಜಾಗ ದಿಗಂತದಿಂದ ಎಷ್ಟು ಕೆಳಗಿದೆ ಎಂದು ನೋಡುವುದು. ಹತ್ತಿರವಿದ್ದಷ್ಟೂ ಕೆಳಗೆ, ದೂರವಾದಷ್ಟೂ ಮೇಲೆ. ಕ್ಯಾಮೆರಾ ನೆಲದಿಂದ 1.4 ಮೀಟರ್ ಎತ್ತರದಲ್ಲಿದೆ, ಮುಂದಿನ ಗಾಡಿ 40 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಆ ಕೋನ ಸುಮಾರು 2 ಡಿಗ್ರಿ. ಕ್ಯಾಮೆರಾ ಅರ್ಧ ಡಿಗ್ರಿ ಕೆಳಗೆ ಬಾಗಿ ಕೂತರೆ ಅದೇ ಗಾಡಿ ಒಂದೂವರೆ ಡಿಗ್ರಿಯಲ್ಲಿ ಕಾಣುತ್ತದೆ; ಲೆಕ್ಕ ಹಾಕಿದರೆ 53 ಮೀಟರ್. ಇಲ್ಲದ 13 ಮೀಟರ್ ರಸ್ತೆ ಹುಟ್ಟಿಕೊಂಡಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ದೂರ ಕ್ರಮಿಸಲು ಬೇಕಾಗುವುದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ರಾಡಾರ್ ಇದ್ದರೆ ಅದು ತಿದ್ದಬಹುದು. ಆದರೆ ಎರಡು ಸಾಕ್ಷಿಗಳ ಪೈಕಿ ಒಬ್ಬನ ಹೇಳಿಕೆ ತಪ್ಪಿದ್ದರೆ ತೀರ್ಪು ತಡವಾಗುತ್ತದೆ. ತುರ್ತು ಬ್ರೇಕಿನಲ್ಲಿ ತಡ ಅನ್ನುವುದಕ್ಕೆ ಜಾಗವಿಲ್ಲ.

ನೆಲವನ್ನು ಆಧಾರ ಮಾಡಿಕೊಂಡು ದೂರ ಅಳೆಯುವುದರ ಕಷ್ಟ ವೋಲ್ವೊ ಕಂಪನಿಗೆ ಆಸ್ಟ್ರೇಲಿಯಾದಲ್ಲಿ ಎದುರಾಗಿತ್ತು. ಸ್ವೀಡನ್ನಿನ ಕಾಡುರಸ್ತೆಗಳಲ್ಲಿ ಅಡ್ಡ ಬರುವ ಮೂಸ್ ಎಂಬ ಭಾರಿ ಜಿಂಕೆಗಳನ್ನು ಗುರುತಿಸಲು ಕಲಿತಿದ್ದ ಅವರ ವ್ಯವಸ್ಥೆ ಕಾಂಗರೂ ಮುಂದೆ ತಬ್ಬಿಬ್ಬಾಯಿತು ಎಂದು 2017ರಲ್ಲಿ ಕಂಪನಿಯವರೇ ಹೇಳಿದರು. ಕಾಂಗರೂ ನೆಗೆದು ಗಾಳಿಯಲ್ಲಿದ್ದಾಗ ದೂರವಿದ್ದಂತೆ, ನೆಲ ಮುಟ್ಟಿದಾಗ ಹತ್ತಿರ ಬಂದಂತೆ ಕಾಣುತ್ತಿತ್ತು. ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಆ ಎಂಜಿನಿಯರುಗಳ ಬಗ್ಗೆ ನನಗೆ ಗೌರವವಿದೆ.

ಭಾವ ಪಟ್ಟು ಬಿಡಲಿಲ್ಲ. ಕ್ಯಾಲಿಬ್ರೇಷನ್ ಮಾಡುವ ಬೇರೆ ಜಾಗಕ್ಕೆ ಗಾಡಿ ಹೋಯಿತು, ಹಿಂದೆಯೇ ನಾವೂ ಹೋದೆವು. ದೊಡ್ಡ ಹಾಲು. ಕಿಟಕಿಯಿಂದ ನೇರ ಬಿಸಿಲು ಬೀಳದಂತೆ ಪರದೆ. ನೆಲ ಎಷ್ಟು ಸಮ ಎಂದರೆ ಭಾವ ಚಪ್ಪಲಿ ಬಿಟ್ಟು ಕಾಲಲ್ಲೇ ಸವರಿ ನೋಡಿ ತಲೆದೂಗಿದರು. ಕೆಲಸಕ್ಕಿದ್ದ ಹುಡುಗ ಮೊದಲು ಡಿಕ್ಕಿ ತೆರೆದು ಸಾಮಾನು ಇಳಿಸಿದ. ನಾಲ್ಕೂ ಟಯರಿನ ಗಾಳಿ ನೋಡಿದ. ಬ್ಯಾಟರಿಗೆ ಚಾರ್ಜರ್ ಹಾಕಿದ. ಈ ಗಾಡಿಗೆ ಏರ್ ಸಸ್ಪೆನ್ಷನ್ ಇದೆ, ಬಟನ್ ಒತ್ತಿದರೆ ಏರುತ್ತದೆ, ಇಳಿಯುತ್ತದೆ. ಕಂಪನಿ ಹೇಳಿದ ಎತ್ತರದಲ್ಲೇ ನಿಂತಿದೆಯೇ ಎಂದು ನಾಲ್ಕು ಚಕ್ರದ ಹತ್ತಿರವೂ ಟೇಪು ಹಿಡಿದು ಅಳೆದ. ಸ್ಟೇರಿಂಗನ್ನು ನೆಟ್ಟಗೆ ನಿಲ್ಲಿಸಿದ.

ಆಮೇಲೆ ಅವನು ಡಬ್ಬಿಯಿಂದ ತೆಗೆದದ್ದನ್ನು ನೋಡಿ ಭಾವನ ಮುಖ ಅರಳಿತು. ತೂಗುಗುಂಡು! ಮುಂದಿನ ಲಾಂಛನದ ನಡುವಿನಿಂದ ಗುಂಡು ಬಿಟ್ಟು, ಅದರ ಓಲಾಟ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂತು, ನೆಲದ ಮೇಲೆ ಗುರುತು ಹಾಕಿದ. ಹಿಂದಿನ ಲಾಂಛನಕ್ಕೂ ಹಾಗೇ. ಎರಡು ಗುರುತನ್ನೂ ಸೇರಿಸಿ ದಾರ ಹಿಡಿದ. ಆ ಗೆರೆ ಗಾಡಿಯ ಮುಂದಕ್ಕೂ ಬೆಳೆಯಿತು. ಹಿಂದಿನ ಚಕ್ರಗಳು ಗಾಡಿಯನ್ನು ಯಾವ ದಿಕ್ಕಿಗೆ ತಳ್ಳುತ್ತವೆ ಎಂಬುದನ್ನು ಲೇಸರಿನಿಂದ ಬೇರೆ ನೋಡಿ ಗೆರೆಯ ಜೊತೆ ತಾಳೆ ಹಾಕಿದ. ಕಪ್ಪು ಬಿಳಿ ಚಿತ್ತಾರದ ದೊಡ್ಡ ಫಲಕವನ್ನು ಆ ಗೆರೆಗೆ ಮೂಲೆಮಟ್ಟವಾಗಿ ನಿಲ್ಲಿಸಿ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಡುವಿಗೆ ಬಂತು. ಟೇಪು ಹಿಡಿದು, "ಎಡಗಡೆ ಮೂರು ಮಿಲಿಮೀಟರ್ ಜಾಸ್ತಿ ಇದೆ ಸಾರ್" ಎಂದವನೇ ಫಲಕವನ್ನು ಸ್ವಲ್ಪ ಸರಿಸಿ ಮತ್ತೆ ಮೊದಲಿನಿಂದ ಅಳೆದ.

"ನಮ್ಮ ಗಾರೆ ಮೇಸ್ತ್ರಿಗಳು ಪಾಯಕ್ಕೆ ಗುರುತು ಹಾಕೋದೂ ಇದೇ ಅಲ್ವೇನಯ್ಯ?" ಎಂದರು ಭಾವ.

"ನಮ್ಮಪ್ಪ ಗಾರೆ ಕೆಲಸದೋರೇ ಸಾರ್."

ಕಂಪ್ಯೂಟರ್ ಜೋಡಿಸಿ ಬಟನ್ ಒತ್ತಿದ ಮೇಲಿನ ಕೆಲಸ ಕೆಲವೇ ನಿಮಿಷ. ಪರದೆಯ ಮೇಲೆ ಗೆರೆಯೊಂದು ತುಂಬಿತು, ಸರಿಯಾಯಿತು ಎಂದು ಬಂತು. ಉಳಿದ ಹೊತ್ತೆಲ್ಲ ಅಳತೆಗೇ ಹೋಗಿದ್ದು. ಬಿಲ್ಲಿನಲ್ಲಿ ಕಾಣುವುದು ಆ ಬಟನ್ನು ಒತ್ತಿದ್ದು ಮಾತ್ರ ಅಂದುಕೊಂಡು ಜನ ಚೌಕಾಸಿಗೆ ಇಳಿಯುತ್ತಾರೆ. ಆ ಹುಡುಗ ಮಂಡಿಯೂರಿ ಗುಂಡಿನ ಓಲಾಟ ನಿಲ್ಲಲೆಂದು ಕಾದದ್ದನ್ನು ನೋಡಿದ್ದರೆ ಯಾರೂ ಹಾಗೆ ಮಾಡಲಾರರು.

ಅಳತೆಯ ವಿಷಯ ಬಂದರೆ ನನಗೆ ವಿಲಿಯಂ ಲ್ಯಾಂಬ್ಟನ್ ನೆನಪಾಗದೆ ಇರುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿ ಬಂದ ಇಂಗ್ಲಿಷರ ಸೈನ್ಯದಲ್ಲಿ ಇದ್ದವನು. ಒಂದು ರಾತ್ರಿ ಜನರಲ್ ಬೇರ್ಡನ ತುಕಡಿ ಉತ್ತರಕ್ಕೆ ಹೋಗುತ್ತಿದ್ದೇವೆಂದು ನಂಬಿ ದಕ್ಷಿಣಕ್ಕೆ, ನೇರ ಟಿಪ್ಪುವಿನ ಸೈನ್ಯದ ಕಡೆಗೆ ನಡೆಯುತ್ತಿದ್ದಾಗ, ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಎಂದು ಹೇಳಿದವನು ಇವನೇ. ಆಮೇಲೆ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ನೂರು ಅಡಿಯ ಉಕ್ಕಿನ ಸರಪಳಿಯಿಂದ ಸುಮಾರು 12 ಕಿಲೋಮೀಟರಿನ ಮೂಲರೇಖೆ ಅಳೆದು, ಅಲ್ಲಿಂದ ಬರೀ ಕೋನಗಳನ್ನು ಹಿಡಿದು ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ಇಡೀ ದೇಶದ ನಕ್ಷೆಗೆ ಬುನಾದಿ ಹಾಕಿದ. ಬೆಂಗಳೂರಿನವರೆಗೆ ಬಂದ ಲೆಕ್ಕ ಸರಿಯಿದೆಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಮೂಲರೇಖೆಯನ್ನು ನೆಲದ ಮೇಲೇ ಅಳೆಸಿದ. ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ!

ಅವನ ದೊಡ್ಡ ಥಿಯೊಡೊಲೈಟ್ ಅರ್ಧ ಟನ್ ತೂಗುತ್ತಿತ್ತು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಕಿತ್ತು ಯಂತ್ರ ಗೋಡೆಗೆ ಬಡಿದು, ಕೋನ ಅಳೆಯುವ ವೃತ್ತವೇ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು ಸುಮಾರು ಆರು ವಾರ ಕೂತು ಆ ವೃತ್ತವನ್ನು ಸ್ವಲ್ಪ ಸ್ವಲ್ಪವೇ ಎಳೆದು, ಬಡಿದು ಮೊದಲಿನ ಆಕಾರಕ್ಕೆ ತಂದ. ದೇಶ ಗೆದ್ದವರ ಆಳ್ವಿಕೆಗಾಗಿ ನಡೆದ ಕೆಲಸ ಅದು, ಅದನ್ನು ಮರೆಯಬೇಕಾಗಿಲ್ಲ. ಆದರೂ ಪೆಟ್ಟು ತಿಂದ ಯಂತ್ರವನ್ನು ಮತ್ತೆ ಸರಿಪಡಿಸದೆ ಒಂದು ಕೋನವನ್ನೂ ನಂಬಲಾರೆ ಅನ್ನುವ ಆ ಹಟ ನನಗೆ ಬಹಳ ಇಷ್ಟ.

ಮತ್ತೆ ಕ್ಯಾಮೆರಾದ ಮಾತಿಗೆ ಬಂದರೆ, ಕೆಲವು ಕಂಪನಿಯ ಗಾಡಿಗಳಿಗೆ ಹಾಲ್‌ನೊಳಗಿನ ಫಲಕ ಸಾಕು. ಕೆಲವಕ್ಕೆ ರಸ್ತೆಯ ಮೇಲೆ ಓಡಿಸಿಯೇ ಕಲಿಸಬೇಕು, ಕೆಲವಕ್ಕೆ ಎರಡೂ ಬೇಕು. ಓಡಿಸುವುದೆಂದರೆ ಕಂಪನಿ ಹೇಳಿದ ವೇಗದಲ್ಲಿ, ಎರಡೂ ಬದಿ ಬಿಳಿ ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ, ಕ್ಯಾಮೆರಾ ಸಾಕು ಅನ್ನುವವರೆಗೆ. ಮಳೆ ಬಂದರೆ ಆಗುವುದಿಲ್ಲ, ಗೆರೆ ಅಳಿಸಿಹೋಗಿದ್ದರೆ ಆಗುವುದಿಲ್ಲ, ಟ್ರಾಫಿಕ್ಕಿನಲ್ಲಿ ತೆವಳಿದರೂ ಆಗುವುದಿಲ್ಲ. ಬೆಂಗಳೂರಿನೊಳಗೆ ಇಂಥ ರಸ್ತೆ ಹುಡುಕುವುದು ಸುಲಭವಲ್ಲ. ಭಾವನ ಗಾಡಿಯನ್ನು ಮರುದಿನ ಬೆಳಗಿನ ಜಾವ ನೈಸ್ ರಸ್ತೆಗೆ ಒಯ್ದರು. ಓಡಿಸುವವನ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವನು ಅದೇ ಹುಡುಗ.

ದುಡ್ಡಿನ ಮಾತೂ ಆಗಿಬಿಡಲಿ. ಇಂಥ ಗಾಡಿಗಳ ಗಾಜಿನ ಬೆಲೆ ಲಕ್ಷ ದಾಟುವುದು ಅಪರೂಪವಲ್ಲ. ನಮ್ಮ ಸಾಮಾನ್ಯ ವಾಹನ ವಿಮೆಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ಅದೊಂದು ಸಮಾಧಾನ. ಆದರೆ ಎಸ್ಟಿಮೇಟಿನಲ್ಲಿ ಗಾಜು, ಅಂಟು, ಕೂಲಿ ಎಂದು ಬರೆದು ಕ್ಯಾಲಿಬ್ರೇಷನ್ನನ್ನು ಬಿಟ್ಟಿದ್ದರೆ, ಸರ್ವೇಯರ್ ಬಂದು ಹೋದ ಮೇಲೆ ಅದನ್ನು ಸೇರಿಸಲು ಹೆಣಗಬೇಕಾಗುತ್ತದೆ. ಹಳೆಯ ಗಾಜು ಬಿಚ್ಚುವ ಮೊದಲೇ ಆ ಸಾಲು ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಸ್ಕ್ಯಾನ್ ರಿಪೋರ್ಟಿನ ಪ್ರತಿ ಕೇಳಿ ಪಡೆಯಿರಿ. ದಿನಾಂಕ, ಗಾಡಿಯ ಚಾಸಿ ನಂಬರ್, ಕ್ಯಾಲಿಬ್ರೇಷನ್ ಪೂರ್ಣವಾಯಿತೆಂಬ ಮಾತು, ಮೂರೂ ಅದರಲ್ಲಿರಬೇಕು. ಭಾವ ಆ ಮೊದಲ ವರ್ಕ್‌ಶಾಪಿಗೂ ಒಂದು ಪ್ರತಿ ಕಳಿಸಿದ್ದಾರೆ, ಮುಂದಿನ ಗಿರಾಕಿಗೆ ಲೈಟು ಬಂದಿಲ್ಲ ಎಂದು ಹೇಳಬೇಡಿ ಎಂಬ ಒಂದು ಸಾಲಿನ ಜೊತೆ.