ಯಂಕಂಚಿಯಿಂದ ಕೃಷ್ಣಾ ಹಡಗಿಗೆ

ಮಕ್ಕಳೇ, ನಮ್ಮ ಯಂಕಂಚಿ ಸಿಂದಗಿ ತಾಲ್ಲೂಕಿನ ಊರು. ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಜೋಳ, ತೊಗರಿ, ಹತ್ತಿ. ಬೇಸಿಗೆ ಬಂತೆಂದರೆ ನೀರಿನದೇ ಚಿಂತೆ. ಈ ಊರಿನ ಹುಡುಗನೊಬ್ಬ ಸಮುದ್ರದ ಪಾಲಾದ ಕಥೆ ಹೇಳುತ್ತೇನೆ. ಗಾಬರಿಯಾಗಬೇಡಿ, ಮುಳುಗಿದ ಕಥೆಯಲ್ಲ.

ಹುಡುಗ ನನ್ನ ತಂಗಿಯ ಒಬ್ಬನೇ ಮಗ. ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಜ್ವರದಿಂದ ತೀರಿಕೊಂಡ. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ. ಬಿಜಾಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆಯಲ್ಲ, ಅದರ ಪ್ರವೇಶ ಪರೀಕ್ಷೆಯ ಅರ್ಜಿ ತಂದವನೂ ನಾನೇ, ತುಂಬಿದವನೂ ನಾನೇ. ತಂಗಿ ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡಿದಳು. ಹುಡುಗ ಪಾಸಾದ. ಅಲ್ಲಿಂದ ಮುಂದೆ ಪುಣೆ ಹತ್ತಿರದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಮೂರು ವರ್ಷ. ಭೂಸೇನೆ ಸಿಗಬಹುದು ಎಂದುಕೊಂಡಿದ್ದೆವು. ಸಿಕ್ಕಿದ್ದು ನೌಕಾಪಡೆ.

"ಅಣ್ಣಾ, ನೀರಾಗಿನ ನೌಕರಿ ಬ್ಯಾಡಂತ ಒಂದು ಅರ್ಜಿ ಬರದು ಹಾಕು," ಎಂದಳು ತಂಗಿ. ಅರ್ಜಿ ಬರೆದರೆ ಏನೂ ಆಗುತ್ತದೆ ಎಂದು ಅವಳ ನಂಬಿಕೆ. ನಾನು ಬರೆಯಲಿಲ್ಲ.

1998ರ ನವೆಂಬರಿನಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮನೆಯ ವಿಳಾಸಕ್ಕಲ್ಲ, ಬ್ಯಾಂಕಿನ ವಿಳಾಸಕ್ಕೆ. "ಮಾಮಾ, ಹಡಗು ಓಲಾಡುತ್ತದೆ, ಎಂಟು ದಿನದಿಂದ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ನನ್ನ ಕೈಲಿ ಆಗುವುದಿಲ್ಲ. ಬಿಟ್ಟು ಬರಬೇಕೆಂದಿದ್ದೇನೆ. ಅವ್ವಗೆ ಹೇಳಬೇಡ." ಅಷ್ಟೇ. ಮೂರು ದಿನ ಆ ಪತ್ರವನ್ನು ಮೇಜಿನ ಡ್ರಾದಲ್ಲಿಟ್ಟು ಬೀಗ ಹಾಕಿದೆ. ಊಟ ಸೇರಲಿಲ್ಲ. ತಂದೆ ಇಲ್ಲದ ಹುಡುಗನ ಅರ್ಜಿ ತುಂಬಿದ ಕೈ ನನ್ನದು. ಅವನಿಗೆ ಏನಾದರೂ ಆದರೆ ತಂಗಿಗೆ ಯಾವ ಮುಖ ತೋರಿಸಲಿ?

ಡಿಸೆಂಬರ್ 4 ನೌಕಾಪಡೆಯ ದಿನ. 1971ರ ಯುದ್ಧದಲ್ಲಿ ನಮ್ಮ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ನೆನಪಿಗೆ ಆ ಆಚರಣೆ. ಆ ಸುಮಾರಿಗೆ ಕೆಲವು ಹಡಗುಗಳನ್ನು ಜನರಿಗೆ ನೋಡಲು ಬಿಡುತ್ತಾರೆ. "ಹಡಗಿನ ಜಾತ್ರಿ ಐತಿ, ನೋಡ್ಕೊಂಡು ಬರೂಣು," ಎಂದು ತಂಗಿಗೆ ಸುಳ್ಳಲ್ಲದ ಸುಳ್ಳು ಹೇಳಿದೆ. ಅವಳು ಎರಡು ದಿನ ಕೂತು ಕಡಕ್ ಜೋಳದ ರೊಟ್ಟಿ ಬಡಿದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿದಳು. ಬಸ್ಸಿನಲ್ಲಿ ಹುಬ್ಬಳ್ಳಿ, ಮತ್ತೊಂದು ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ. ದಾರಿಯುದ್ದಕ್ಕೂ ಆ ರೊಟ್ಟಿಯ ಗಂಟು ಅವಳ ತೊಡೆಯ ಮೇಲೇ ಇತ್ತು.

ಕೊಚ್ಚಿಯಲ್ಲಿ ಹಡಗನ್ನು ಮೊದಲು ಕಂಡಾಗ ನನಗೆ ಮಾತೇ ಹೊರಡಲಿಲ್ಲ. 113 ಮೀಟರ್ ಉದ್ದ. ನಮ್ಮ ಊರಿನ ಒಂದು ಓಣಿಯನ್ನೇ ಎತ್ತಿ ನೀರಿನ ಮೇಲಿಟ್ಟ ಹಾಗೆ! ಹೆಸರು ಐ.ಎನ್.ಎಸ್. ಕೃಷ್ಣಾ.

ಈ ಹಡಗಿಗೆ ಅದು ಎರಡನೆಯ ಜನ್ಮ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ 1967ರಲ್ಲಿ ನೀರಿಗಿಳಿದಾಗ ಇದರ ಹೆಸರು ಆಂಡ್ರೊಮಿಡಾ. ಗ್ರೀಕರ ಪುರಾಣದಲ್ಲಿ ಸಮುದ್ರದ ಬಂಡೆಗೆ ಕಟ್ಟಿಹಾಕಿದ ರಾಜಕುಮಾರಿಯ ಹೆಸರದು. 1968ರ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆ ಸೇರಿತು. ಮೀನಿಗಾಗಿ ಬ್ರಿಟನ್ನಿಗೂ ಐಸ್‌ಲ್ಯಾಂಡಿಗೂ ಜಗಳ ನಡೆದಿತ್ತು, ಗೊತ್ತೇ? ಅದನ್ನು ‘ಕಾಡ್ ಯುದ್ಧ’ ಎನ್ನುತ್ತಾರೆ. ಕಾಡ್ ಎಂಬುದು ಒಂದು ಮೀನು. ಆ ಜಗಳದಲ್ಲಿ ನಮ್ಮ ರಾಜಕುಮಾರಿ ಐಸ್‌ಲ್ಯಾಂಡಿನ ಕಾವಲು ಹಡಗಿಗೆ ಡಿಕ್ಕಿಯಾಗಿದ್ದಳು. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೂ ಹೋಗಿ ಬಂದಳು. 1993ರಲ್ಲಿ ಅಲ್ಲಿ ನಿವೃತ್ತಿ. 1995ರಲ್ಲಿ ಭಾರತ ಕೊಂಡುಕೊಂಡು, ಕ್ಷಿಪಣಿಗಳಿಲ್ಲದ ಈ ಹಡಗನ್ನು ಕೆಡೆಟ್‌ಗಳ ಪಾಠಶಾಲೆ ಮಾಡಿತು. ಯುದ್ಧ ಮಾಡಿದವರು ಮುಪ್ಪಿನಲ್ಲಿ ಮಾಸ್ತರರಾದ ಹಾಗೆ.

ಕೃಷ್ಣಾ ಎಂಬ ಹೆಸರು ಹಳೆಯದೊಂದು ಹಡಗಿನಿಂದ ಬಂದದ್ದು. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ನೌಕಾಪಡೆಯಲ್ಲಿ ಗೋದಾವರಿ, ಕಾವೇರಿ, ಕೃಷ್ಣಾ ಎಂದು ನದಿಗಳ ಹೆಸರಿನ ಹಡಗುಗಳಿದ್ದವು. ಇಂಗ್ಲಿಷರ ಬರಹದಲ್ಲಿ ನಮ್ಮ ಕೃಷ್ಣೆ ‘ಕಿಸ್ಟ್ನಾ’ ಆಗಿದ್ದಳು!

ಹುಡುಗ ಹಡಗಿನ ಮೆಟ್ಟಿಲ ಬಳಿ ನಿಂತಿದ್ದ. ಬಿಳಿ ಬಟ್ಟೆ, ಒಳಗೆ ಸೇರಿದ ಕೆನ್ನೆ. ತಂಗಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಪತ್ರಾ ಬರದಿದ್ದನೇನು?" ಎಂದಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನ ಗುಟ್ಟು ಅವಳು ಅರೆಗಳಿಗೆಯಲ್ಲಿ ಹಿಡಿದಳು. ನಾನು ತಲೆ ತಗ್ಗಿಸಿದೆ.

ಅವಳು ಅಳಲಿಲ್ಲ. "ನಡಿ, ಎಲ್ಲಿ ಮಲಗತಿ, ಏನ್ ಮಾಡತಿ, ತೋರ್ಸು," ಎಂದಳು.

ಹುಡುಗ ತೋರಿಸಿದ. ನಸುಕಿನಲ್ಲೆದ್ದು ಡೆಕ್ ತಿಕ್ಕಿ ತೊಳೆಯಬೇಕು. ಅಧಿಕಾರಿಯಾಗುವವನೂ ಮೊದಲು ಕಸಬರಿಗೆ ಹಿಡಿಯಲೇಬೇಕು. ಕೆಳಗೆ ಬಾಯ್ಲರುಗಳ ಕೋಣೆ. ಇದು ಉಗಿಯಿಂದ ನಡೆಯುವ ಹಡಗು, ಓಡುವಾಗ ಅಲ್ಲಿಯ ಸೆಕೆಯ ಮುಂದೆ ನಮ್ಮ ಏಪ್ರಿಲ್ ತಿಂಗಳು ಏನೂ ಅಲ್ಲವಂತೆ. ಹಗ್ಗದ ಗಂಟುಗಳು, ನಕ್ಷೆಯ ಪಾಠ, ದೋಣಿ ಹುಟ್ಟು ಹಾಕುವುದು. ಇಂಥ ಅಭ್ಯಾಸ ಸುಮಾರು ಆರು ತಿಂಗಳು.

ಹಡಗಿನ ಗಡಿಯಾರದ ಲೆಕ್ಕ ನನಗೆ ಬಹಳ ಹಿಡಿಸಿತು. ದಿನವನ್ನು ನಾಲ್ಕು ನಾಲ್ಕು ತಾಸಿನ ಪಾಳಿಗಳಾಗಿ ಹಂಚುತ್ತಾರೆ. ಹಾಗೆ ಹಂಚಿದರೆ ಆರು ಪಾಳಿ. ದಿನಾ ಅವರವರಿಗೆ ಅದದೇ ಪಾಳಿ ಬಂದು, ನಡುರಾತ್ರಿಯ ಕಾವಲು ಒಬ್ಬನ ತಲೆಗೇ ಕಟ್ಟಿಬಿಡುತ್ತದೆ. ಅದಕ್ಕೆ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ತಾಸಿಗೆ ಒಡೆದಿದ್ದಾರೆ. ಈಗ ಪಾಳಿ ಏಳಾದವು. ಮೂರು ಗುಂಪುಗಳನ್ನು ಸರದಿಗೆ ಹಾಕಿ ಲೆಕ್ಕ ಮಾಡಿ ನೋಡಿ, ದಿನದಿನಕ್ಕೆ ಪಾಳಿ ತಾನಾಗಿ ಜರುಗುತ್ತದೆ.

ಇನ್ನೊಂದು, ಲಾಗ್ ಪುಸ್ತಕ. ಹಡಗಿನ ದಿಕ್ಕು, ವೇಗ, ಗಾಳಿ ಎಲ್ಲವನ್ನೂ ಬರೆದಿಡುವ ದಫ್ತರ. ಅದರಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ಗೆರೆ ಹೊಡೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಕಿರುಸಹಿ ಹಾಕಬೇಕು. ನಮ್ಮ ಲೆಡ್ಜರಿನ ನಿಯಮವೇ! ಅಷ್ಟು ಹೊತ್ತಿನಲ್ಲಿ ನನಗೆ ಪರಿಚಯದ್ದು ಎನಿಸಿದ ವಸ್ತು ಅದೊಂದೇ.

"ಮಾಮಾ, ಒಂದು ಮಾತ್ರ ನನಗೆ ಬರುತ್ತದೆ," ಎಂದ ಹುಡುಗ. ಸೆಕ್ಸ್‌ಟಂಟ್ ಎಂಬ ಸಾಧನದಿಂದ ನಕ್ಷತ್ರದ ಎತ್ತರ ಅಳೆದು ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವುದು. ಚಿಕ್ಕೆಗಳೂ ಕಾಣಬೇಕು, ನೀರು ಮುಗಿಲು ಸೇರುವ ಗೆರೆಯೂ ಕಾಣಬೇಕು, ಹೀಗಾಗಿ ಮುಂಜಾನೆ ಸಂಜೆಯ ಮಬ್ಬುಬೆಳಕಿನ ಸ್ವಲ್ಪ ಹೊತ್ತೇ ಅದಕ್ಕೆ ಸಮಯ. ಪಟ್ಟಣದ ಹುಡುಗರು ಚಿಕ್ಕೆ ಹುಡುಕುತ್ತಿದ್ದರೆ ಇವನು ಥಟ್ಟನೆ ತೋರಿಸುತ್ತಿದ್ದನಂತೆ. ಬೇಸಿಗೆಯೆಲ್ಲ ಮಾಳಿಗೆಯ ಮೇಲೆ ಅವ್ವನ ಪಕ್ಕ ಮಲಗಿ ಬೆಳೆದವನಲ್ಲವೇ.

ಅಷ್ಟರಲ್ಲಿ ತಂಗಿ ಕೇಳಿದಳು: "ಹಡಗದ ಹೆಸರು ಏನಂದಿ?"

"ಕೃಷ್ಣಾ, ಅವ್ವ."

"ಕೃಷ್ಣಾ ಅಂದ್ರ ನಮ್ಮ ಹೊಳೀನ?"

"ಹೂಂ, ನಮ್ಮ ಹೊಳೀನ."

ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಹರಿಯುವ ಹೊಳೆ ಅದು. ಸಂಕ್ರಾಂತಿಗೆ ಕೂಡಲಸಂಗಮಕ್ಕೆ ಹೋಗಿ ಅವಳು ಎಷ್ಟೋ ಸಲ ಮುಳುಗು ಹಾಕಿ ಬಂದಿದ್ದಳು. ಕೃಷ್ಣೆ ಸೇರುವುದು ಪೂರ್ವದ ಸಮುದ್ರವನ್ನು, ಈ ಹಡಗು ನಿಂತದ್ದು ಪಶ್ಚಿಮದ್ದರಲ್ಲಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸುಮ್ಮನಾದೆ. ಅವಳು ಹಡಗಿನ ಕಬ್ಬಿಣದ ಗೋಡೆಗೆ ಅಂಗೈ ಒತ್ತಿ, ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದು ಕೊಟ್ಟು, "ಬರೂದಾದ್ರ ಬಾ, ಮನಿ ನಿಂದೈತಿ. ಮೊದಲು ಇದನ್ನು ತಿನ್ನು," ಎಂದಳು.

ಮಗ್ಗುಲಲ್ಲಿದ್ದ ಹಿರಿಯ ನಾವಿಕರೊಬ್ಬರು ರೊಟ್ಟಿಯನ್ನು ಟಕಟಕ ಬಡಿದು ನೋಡಿ ಹಿಂದಿಯಲ್ಲಿ ನಕ್ಕರು. ಹೊಟ್ಟೆ ತೊಳಸುವವನಿಗೆ ಇಂಥ ಒಣ ತಿನಿಸೇ ಸರಿ. ಖಾಲಿ ಹೊಟ್ಟೆಯಲ್ಲಿರಬಾರದು, ಕೆಳಗಿನ ಕೋಣೆಯಲ್ಲಿ ಮುದುಡಿ ಮಲಗಬಾರದು, ಮೇಲೆ ಬಂದು ದೂರದ ನೀರಿನಂಚನ್ನು ನೋಡುತ್ತಿರಬೇಕು ಎಂದರು. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲವಲ್ಲ. ಗಂಟು ಹಡಗಿನಲ್ಲೇ ಉಳಿಯಿತು. ಪಂಜಾಬಿನ ಹುಡುಗನೂ ಮಲಯಾಳಿ ಹುಡುಗನೂ ಅದನ್ನು ಮುರಿದು ತಿಂದರೆಂದು ಮುಂದಿನ ಪತ್ರದಲ್ಲಿತ್ತು. ಆ ಪತ್ರ ಮನೆಯ ವಿಳಾಸಕ್ಕೆ ಬಂತು. ಬಿಟ್ಟು ಬರುವ ಮಾತು ಅದರಲ್ಲಿರಲಿಲ್ಲ. ವಾಂತಿ ಇನ್ನೂ ನಿಂತಿಲ್ಲ ಎಂದು ಮಾತ್ರ ಇತ್ತು.

2012ರ ಮೇ ತಿಂಗಳಲ್ಲಿ ಕೃಷ್ಣಾ ಹಡಗು ಸೇವೆಯಿಂದ ನಿವೃತ್ತಿಯಾಯಿತು. ನಿವೃತ್ತಿಯ ಸಂಜೆ ಹಡಗಿನ ಬಾವುಟವನ್ನು ಕೊನೆಯ ಸಲ ಇಳಿಸುತ್ತಾರೆ. ಇಂಗ್ಲೆಂಡಿನಲ್ಲಿ ಸುಮಾರು 25 ವರ್ಷ, ನಮ್ಮಲ್ಲಿ 17 ವರ್ಷ. ನಾನು ಬ್ಯಾಂಕಿನಲ್ಲಿ ದುಡಿದದ್ದಕ್ಕಿಂತ ಹೆಚ್ಚೇ ಆಯಿತು. ಈಗ ಕೆಡೆಟ್‌ಗಳಿಗೆ ಬೇರೆ ಹಡಗುಗಳಿವೆ. ಹಾಯಿ ಹಡಗಾದ ತರಂಗಿಣಿ ಎಂಬುದಂತೂ 2003–04ರಲ್ಲಿ ಪ್ರಪಂಚ ಸುತ್ತಿ ಬಂದಿದೆ. ಹುಡುಗನ ಕೂದಲೂ ನರೆತಿದೆ.

ಹೋದ ವರ್ಷ ತಂಗಿಯೂ ನಾನೂ ಬಾಗಲಕೋಟೆಗೆ ಬಸ್ಸಿನಲ್ಲಿ ಹೊರಟಿದ್ದೆವು. ಕೊರ್ತಿ-ಕೊಲ್ಹಾರದ ಸೇತುವೆ ಬಂತು. ಕೆಳಗೆ ಕೃಷ್ಣೆ, ತುಂಬಿದ ಹಿನ್ನೀರು. ಎಲ್ಲರಂತೆ ಅವಳೂ ಕಿಟಕಿಯಿಂದ ಒಂದು ರೂಪಾಯಿ ಎಸೆದಳು. ಮತ್ತೆ ಚೀಲದಲ್ಲಿ ಕೈಯಾಡಿಸಿ ಇನ್ನೊಂದು ತೆಗೆದಳು.

"ಈಗರೆ ಹಾಕಿದೆಲ್ಲ?" ಎಂದೆ.

"ಅದು ಹೊಳೀಗೆ," ಎಂದಳು. "ಇದು ಹಡಗಕ್ಕ."